ಸಂಘದ ಕಾರ್ಯನಿರ್ವಾಹಕರಿಗೆ ತರಬೇತಿ: ಸ್ವಯಂಸೇವಕ ಮಂಡಳಿ ಯಾವ ದಾರಿ ಹಿಡಿಯಬೇಕು?

ಸಂಘಗಳನ್ನು ದಿನನಿತ್ಯ ನಡೆಸುವ ಕಾರ್ಯನಿರ್ವಾಹಕರಿಗೆ ಒಳ್ಳೆ ತರಬೇತಿ ಕೊಡಬೇಕು ಅಂದರೆ, ಅಂಥ ತರಬೇತಿ ಏರ್ಪಡಿಸುವ ಸ್ವಯಂಸೇವಕರ ಮಂಡಳಿಯಲ್ಲಿ ಯಾರೂ ಬೇಡ ಅನ್ನುವುದಿಲ್ಲ. ಚರ್ಚೆ ಕಾವೇರುವುದು ಮುಂದಿನ ಸಭೆಯಲ್ಲಿ. ಒಬ್ಬರು ಒಂದು ದಿನದ ಕಾರ್ಯಾಗಾರ ಸಾಕು ಅನ್ನುತ್ತಾರೆ. ಇನ್ನೊಬ್ಬರಿಗೆ ಮೂರು ದಿನ ಎಲ್ಲರೂ ಒಂದೇ ಕಡೆ ಉಳಿದು ಕಲಿಯುವ ಶಿಬಿರ ಬೇಕು. ಮತ್ತೊಬ್ಬರು ಆನ್‌ಲೈನ್ ಅಂತಾರೆ, ಖಜಾಂಚಿ ಸುಮ್ನೆ ಕೂತು ಲೆಕ್ಕ ಹಾಕುತ್ತಿರುತ್ತಾರೆ. ಕೊನೆಗೆ ಯಾರಿಗೋ ಪರಿಚಯ ಇರುವ ಭಾಷಣಕಾರರು ಯಾವ ದಿನ ಖಾಲಿ ಇದ್ದಾರೋ ಅದೇ ಕಾರ್ಯಕ್ರಮ ಆಗಿಬಿಡುತ್ತದೆ.

ಹಾಗಾಗಬಾರದು ಅಂತ ಈ ಬರಹ. ಮೊದಲು ಅಳತೆಗೋಲು ಯಾವುದು ಅಂತ ನೋಡೋಣ, ಆಮೇಲೆ ಒಂದೊಂದು ದಾರಿಯನ್ನೂ ಅದಕ್ಕೆ ಹಿಡಿದು ನೋಡೋಣ.

ಕಾರ್ಯನಿರ್ವಾಹಕರು ಅಂದಾಗ ನನ್ನ ಮನಸ್ಸಿನಲ್ಲಿರುವುದು ಸಂಬಳಕ್ಕೆ ಸಂಘ ನಡೆಸುವವರು. ವೃತ್ತಿಪರರ ಸಂಘ, ವ್ಯಾಪಾರಿಗಳ ಸಂಘ, ಯಾವುದಾದರೂ ಆಗಲಿ. ಸದಸ್ಯತ್ವ, ಲೆಕ್ಕಪತ್ರ, ಸಭೆ, ಸಮ್ಮೇಳನ, ಸರ್ಕಾರದ ಜೊತೆ ಪತ್ರವ್ಯವಹಾರ ಎಲ್ಲಾ ಇವರ ತಲೆ ಮೇಲೆ. ಇವರಿಗೆ ಮೇಲಧಿಕಾರಿ ಅಂತ ಒಬ್ಬರಿಲ್ಲ, ಅವರವರ ಸಂಘದ ಇಡೀ ಮಂಡಳಿಯೇ ಮೇಲಧಿಕಾರಿ. ಆ ಮಂಡಳಿಯೂ ಒಂದೆರಡು ವರ್ಷಕ್ಕೆ ಬದಲಾಗುತ್ತದೆ. ಸಾಮಾನ್ಯ ಮ್ಯಾನೇಜ್‌ಮೆಂಟ್ ಕೋರ್ಸ್‌ಗಳು ಇವರಿಗೆ ಪೂರ್ತಿ ಹೊಂದದಿರುವುದು ಇದೇ ಕಾರಣಕ್ಕೆ.

ಮೊದಲು ಅಳತೆಗೋಲು

ಮೊದಲ ಪ್ರಶ್ನೆ: ಕಲಿಯುವವರು ಯಾರು? ಕೆಲಸಕ್ಕೆ ಸೇರಿ ಆರು ತಿಂಗಳಾದವರಿಗೂ ಹದಿನೈದು ವರ್ಷ ಮಾಡಿದವರಿಗೂ ಒಂದೇ ಕೋಣೆಯಲ್ಲಿ ಒಂದೇ ಪಾಠ ಮಾಡಿದರೆ ಇಬ್ಬರೂ ನಷ್ಟದಲ್ಲಿ. ಒಬ್ಬರೇ ಕೂತು ಇಡೀ ಕಚೇರಿ ನಡೆಸುವವರ ಕಷ್ಟ ಬೇರೆ. ಇಪ್ಪತ್ತು ಜನರ ಸಿಬ್ಬಂದಿ ಇರುವವರ ಕಷ್ಟ ಬೇರೆ. ಎಲ್ಲರಿಗೂ ಆಗುವಂಥ ಕಾರ್ಯಕ್ರಮ ಮಾಡ್ತೀವಿ ಅಂದ ಮಂಡಳಿ ಅಲ್ಲೇ ಎಡವಿದ ಹಾಗೆ. ಒಂದು ಗುಂಪನ್ನು ಆರಿಸಿ. ಉಳಿದವರಿಗೆ ಮುಂದಿನ ವರ್ಷ ಮಾಡಬಹುದು.

ಎರಡನೇ ಪ್ರಶ್ನೆ: ತರಬೇತಿ ಮುಗಿಸಿ ಕಚೇರಿಗೆ ಹೋದ ಮೇಲೆ ಅವರು ಯಾವ ಕೆಲಸವನ್ನು ಬೇರೆ ರೀತಿ ಮಾಡಬೇಕು? ಉತ್ತರ ಒಂದು ವಾಕ್ಯದಲ್ಲಿ ಬರಬೇಕು. 'ನಾಯಕತ್ವ ಬೆಳೆಯಬೇಕು' ಅನ್ನುವುದು ಉತ್ತರವಲ್ಲ. 'ಮಂಡಳಿ ಸಭೆಗೆ ಒಂದು ವಾರ ಮೊದಲೇ ಓದಬಲ್ಲಂಥ ಕಡತ ಕಳಿಸಬೇಕು', 'ಬಜೆಟ್ ಮತ್ತು ಖರ್ಚಿನ ವ್ಯತ್ಯಾಸವನ್ನು ತಾವೇ ವಿವರಿಸಬೇಕು', 'ಸದಸ್ಯತ್ವ ನವೀಕರಿಸದವರನ್ನು ಹಿಂಬಾಲಿಸುವ ಒಂದು ಕ್ರಮ ಇರಬೇಕು', ಇಂಥವು ಉತ್ತರ. ಈ ವಾಕ್ಯ ಬರೆಯಲು ಆಗದಿದ್ದರೆ ಯಾವ ದಾರಿ ಆರಿಸಿದರೂ ಅಷ್ಟೇ, ಯಾಕೆಂದರೆ ಹೋಲಿಸಿ ನೋಡಲು ಏನೂ ಇರುವುದಿಲ್ಲ.

ಮೂರನೆಯದು ದುಡ್ಡು. ಎಷ್ಟಿದೆ ಅನ್ನುವುದಕ್ಕಿಂತ ಎಷ್ಟು ಕಳೆದುಕೊಳ್ಳಲು ತಯಾರಿದ್ದೀರಿ ಅನ್ನುವುದನ್ನು ಕೇಳಿಕೊಳ್ಳಿ. ಅದರ ಲೆಕ್ಕ ಮುಂದೆ ಹೇಳುತ್ತೇನೆ.

ನಾಲ್ಕನೆಯದೇ ನನ್ನ ಪ್ರಕಾರ ಎಲ್ಲಕ್ಕಿಂತ ದೊಡ್ಡದು, ಮತ್ತು ಸಭೆಗಳಲ್ಲಿ ಅತಿ ಕಡಿಮೆ ಮಾತಾಡುವುದೂ ಇದರ ಬಗ್ಗೆಯೇ: ನಿಮ್ಮ ಹತ್ತಿರ ಸ್ವಯಂಸೇವಕರ ಎಷ್ಟು ಗಂಟೆ ಇದೆ?

ಮಂಡಳಿಯವರಿಗೆಲ್ಲ ಅವರವರ ಕೆಲಸ ಇರುತ್ತದೆ. ಹಾಗಾಗಿ ಲೆಕ್ಕ ಹಾಕಿಯೇ ನೋಡಿ. ಆರು ಜನ ತಿಂಗಳಿಗೆ ತಲಾ 4 ಗಂಟೆ ಕೊಡುತ್ತಾರೆ, ಕಾರ್ಯಕ್ರಮಕ್ಕೆ 8 ತಿಂಗಳಿದೆ ಅಂದುಕೊಳ್ಳಿ. ಒಟ್ಟು 192 ಗಂಟೆ. ಜಾಸ್ತಿ ಅನ್ನಿಸುತ್ತದೆ ಅಲ್ವಾ? ಅದರಲ್ಲಿ ತಿಂಗಳಿಗೊಂದು 1 ಗಂಟೆಯ ಸಭೆಗೇ 48 ಗಂಟೆ ಹೋಯಿತು, ಯಾಕೆಂದರೆ ಆರು ಜನರೂ ಕೂರುತ್ತಾರೆ. ಉಳಿದದ್ದು 144. ಅಷ್ಟರಲ್ಲಿ ವಿಷಯ ಆರಿಸಬೇಕು, ಕಲಿಸುವವರನ್ನು ಹುಡುಕಬೇಕು, ಅವರ ಜೊತೆ ಎರಡು ಮೂರು ಸಲ ಮಾತಾಡಬೇಕು, ಜಾಗ ನೋಡಬೇಕು, ಪ್ರಕಟಣೆ ಬರೆಯಬೇಕು, ನೋಂದಣಿ ನೋಡಿಕೊಳ್ಳಬೇಕು, ಫೀಸು ಕಟ್ಟದವರಿಗೆ ನೆನಪಿಸಬೇಕು, ಆ ದಿನ ನಿಂತು ನಡೆಸಬೇಕು, ಆಮೇಲೆ ಲೆಕ್ಕ ಒಪ್ಪಿಸಬೇಕು. ಇದರ ಜೊತೆಗೆ ಒಬ್ಬರಿಗೆ ಕೆಲಸದಲ್ಲಿ ವರ್ಗವಾಗುತ್ತದೆ, ಇನ್ನೊಬ್ಬರ ಮನೆಯಲ್ಲಿ ಹುಷಾರಿರುವುದಿಲ್ಲ. ದುಡ್ಡು ಕಡಿಮೆ ಬಿದ್ದರೆ ಪ್ರಾಯೋಜಕರನ್ನು ಕೇಳಬಹುದು. ಗಂಟೆ ಕಡಿಮೆ ಬಿದ್ದರೆ ಯಾರನ್ನು ಕೇಳುತ್ತೀರಿ?

ಐದನೆಯದು: ನೀವು ಹೋದ ಮೇಲೆ ಇದನ್ನು ಯಾರು ನಡೆಸುತ್ತಾರೆ? ಒಬ್ಬರ ಉತ್ಸಾಹದ ಮೇಲೆ ನಿಂತ ಕಾರ್ಯಕ್ರಮ ಅವರ ಅವಧಿ ಮುಗಿದ ದಿನವೇ ನಿಲ್ಲುತ್ತದೆ. ಒಂದು ಸಲ ಮಾಡಿ ಬಿಡುವುದಾದರೆ ತೊಂದರೆ ಇಲ್ಲ, ಆದರೆ ಹಾಗಂತ ಮೊದಲೇ ಒಪ್ಪಿಕೊಂಡು ಮಾಡಿ.

ಒಂದು ದಿನದ ಕಾರ್ಯಾಗಾರ

ಸುಲಭ, ಅಗ್ಗ, ಎಲ್ಲರಿಗೂ ಪರಿಚಿತ. ಮೇಲಿನ 144 ಗಂಟೆಯಲ್ಲಿ ಆರಾಮಾಗಿ ಮುಗಿಯುತ್ತದೆ. ಕಾರ್ಯನಿರ್ವಾಹಕರಿಗೂ ಒಂದು ದಿನ ಬಿಡುವು ಸಿಗುವುದು ಕಷ್ಟವಲ್ಲ. ಹೊಸ ಕಾನೂನು ಬಂದಿದೆ, ತೆರಿಗೆ ನಿಯಮ ಬದಲಾಗಿದೆ, ಹೊಸ ಸಾಫ್ಟ್‌ವೇರ್ ಬಂದಿದೆ ಅಂದರೆ ಇದಕ್ಕಿಂತ ಒಳ್ಳೆ ದಾರಿ ಇಲ್ಲ.

ಆದರೆ ನಡವಳಿಕೆ ಬದಲಾಗಬೇಕಾದ ವಿಷಯಕ್ಕೆ ಇದು ಸಾಲದು. ಜರ್ಮನಿಯ ಮನಶ್ಶಾಸ್ತ್ರಜ್ಞ ಹರ್ಮನ್ ಎಬ್ಬಿಂಗ್‌ಹೌಸ್ 1885ರಲ್ಲೇ ತಮ್ಮ ಮೇಲೆಯೇ ಪ್ರಯೋಗ ಮಾಡಿ ತೋರಿಸಿದ್ದರು, ಕಲಿತದ್ದರಲ್ಲಿ ಹೆಚ್ಚು ಪಾಲು ಮರೆತುಹೋಗುವುದು ಮೊದಲ ಕೆಲವು ಗಂಟೆ, ದಿನಗಳಲ್ಲೇ. ಬಿಟ್ಟು ಬಿಟ್ಟು ಮತ್ತೆ ಕಲಿತರೆ ಉಳಿಯುತ್ತದೆ. ಅವರು ಬಳಸಿದ್ದು ಅರ್ಥವಿಲ್ಲದ ಅಕ್ಷರಗುಚ್ಛಗಳನ್ನು. ಆದರೂ ಬಿಟ್ಟು ಬಿಟ್ಟು ಕಲಿಯುವುದರ ಲಾಭವನ್ನು ಆಮೇಲೆ ಬಂದ ಎಷ್ಟೋ ಪ್ರಯೋಗಗಳು ಬೇರೆ ಬೇರೆ ವಿಷಯಗಳಲ್ಲಿ ದೃಢಪಡಿಸಿವೆ.

ಒಂದು ದಿನದ್ದನ್ನೇ ಮಾಡುವುದಾದರೆ ವಿಷಯ ಒಂದೇ ಇಟ್ಟುಕೊಳ್ಳಿ. ಬೆಳಗ್ಗೆ ಆಡಳಿತ, ಮಧ್ಯಾಹ್ನ ಹಣಕಾಸು, ಸಂಜೆ ಸಾಮಾಜಿಕ ಜಾಲತಾಣ ಅಂತ ಮೂರು ತುರುಕಬೇಡಿ. ಆರು ವಾರ ಬಿಟ್ಟು ಒಂದು ಗಂಟೆಯ ಆನ್‌ಲೈನ್ ಸಭೆ ಇಡಿ. 'ಅವತ್ತು ಹೇಳಿದ್ದರಲ್ಲಿ ಏನು ಮಾಡಿದಿರಿ, ಎಲ್ಲಿ ಸಿಕ್ಕಿಕೊಂಡಿರಿ' ಅಂತ ಅಷ್ಟೇ ಕೇಳಿ. ಆ ಸಭೆಯ ತಾರೀಖನ್ನು ಮೊದಲ ಪ್ರಕಟಣೆಯಲ್ಲೇ ಹಾಕಿರಬೇಕು. ಆಮೇಲೆ ಹೇಳಿದರೆ ಯಾರೂ ಬರುವುದಿಲ್ಲ.

ಮೂರು ನಾಲ್ಕು ದಿನದ ಶಿಬಿರ

ಎಲ್ಲರೂ ಒಂದೇ ಕಡೆ ಉಳಿದು ಕಲಿಯುವುದರ ಬಲ ಪಾಠದ ಕೋಣೆಯ ಹೊರಗಿದೆ. ಒಂಟಿಯಾಗಿ ಕಚೇರಿ ನಡೆಸುವ ಕಾರ್ಯನಿರ್ವಾಹಕರಿಗೆ ತಮ್ಮ ಹಾಗೇ ಇರುವ ಇನ್ನೊಬ್ಬರ ಜೊತೆ ಮನಸ್ಸು ಬಿಚ್ಚಿ ಮಾತಾಡುವ ಅವಕಾಶ ವರ್ಷಕ್ಕೊಮ್ಮೆಯೂ ಸಿಗುವುದಿಲ್ಲ. ಎರಡನೇ ದಿನದ ಸಂಜೆ ಹೊತ್ತಿಗೆ ಬಿಗುಮಾನ ಬಿಟ್ಟುಹೋಗಿರುತ್ತದೆ, ನಿಜವಾದ ಪ್ರಶ್ನೆಗಳು ಬರುವುದು ಆವಾಗ.

ಅಮೆರಿಕದಲ್ಲಿ ವ್ಯಾಪಾರೋದ್ಯಮಗಳ ಸಂಘವಾದ ಯು.ಎಸ್. ಚೇಂಬರ್ ಆಫ್ ಕಾಮರ್ಸ್‌ಗೆ ಸೇರಿದ 'ಇನ್‌ಸ್ಟಿಟ್ಯೂಟ್ ಫಾರ್ ಆರ್ಗನೈಸೇಷನ್ ಮ್ಯಾನೇಜ್‌ಮೆಂಟ್' ಅನ್ನುವ ಕಾರ್ಯಕ್ರಮ 1921ರಿಂದ ಇದೆ. ಅದರ ಸಾಂಪ್ರದಾಯಿಕ ರೂಪ ವರ್ಷಕ್ಕೊಂದು ವಾರದ ಹಾಗೆ 4 ವರ್ಷ. ನಡುವೆ ಒಂದು ವರ್ಷ ಕೆಲಸ ಮಾಡಿ, ಅಲ್ಲಿ ಎದುರಾದ ಪ್ರಶ್ನೆಗಳನ್ನು ಹೊತ್ತು ಮತ್ತೆ ಬರುವುದು. ಈ ರೂಪ ಇಷ್ಟು ಕಾಲ ಉಳಿದಿರುವುದರಲ್ಲಿ ಒಂದು ಪಾಠ ಇದೆ: ಶಿಬಿರ ಫಲ ಕೊಡುವುದು ಸರಣಿಯಾದಾಗ. ಒಂದೇ ಒಂದು ಶಿಬಿರ ಮಾಡಿ ನಿಲ್ಲಿಸಿದರೆ ಉಳಿಯುವುದು ಸ್ನೇಹ ಮಾತ್ರ. ಅದೂ ಸಣ್ಣದಲ್ಲ ಬಿಡಿ, ಆದರೆ ಅಷ್ಟಕ್ಕೇ ಇಷ್ಟು ಖರ್ಚು ಬೇಡ.

ಖರ್ಚಿನ ಅಪಾಯ ಅತಿ ಜಾಸ್ತಿ ಇರುವುದೂ ಇಲ್ಲೇ. ಜಾಗ, ವಸತಿ, ಊಟಕ್ಕೆ ಮುಂಗಡ ಕೊಟ್ಟು ಇಷ್ಟು ಜನ ಬರುತ್ತಾರೆ ಅಂತ ಬರೆದುಕೊಡಬೇಕಾಗುತ್ತದೆ, ಜನ ಕಡಿಮೆ ಬಂದರೂ ಬಿಲ್ ಕಡಿಮೆಯಾಗುವುದಿಲ್ಲ. ಲೆಕ್ಕ ಹೀಗೆ ಹಾಕಿ. ಜನ ಬಂದರೂ ಬಾರದಿದ್ದರೂ ಆಗುವ ಖರ್ಚು 120 ಪಾಲು ಅಂದುಕೊಳ್ಳಿ (ಒಂದು ಪಾಲು ಅಂದರೆ ನಿಮಗೆ ಹೊಂದುವ ಯಾವುದೋ ಒಂದು ಮೊತ್ತ). ತಲಾ ಖರ್ಚು 2 ಪಾಲು. ಫೀಸು 8 ಪಾಲು. ಒಬ್ಬೊಬ್ಬರಿಂದ ಉಳಿಯುವುದು 6, ಹಾಗಾಗಿ 20 ಜನ ಬಂದರೆ ಬಂದ ಫೀಸಿಗೂ ಖರ್ಚಿಗೂ ಸಮ. 14 ಜನ ಬಂದರೆ? ಬಂದದ್ದು 112, ಹೋದದ್ದು 148. 36 ಪಾಲು ನಷ್ಟ. ಈ ಒಂದು ಸಂಖ್ಯೆಯನ್ನು ಸಭೆಯಲ್ಲಿ ಎಲ್ಲರ ಮುಂದಿಟ್ಟು ಕೇಳಿ: 14 ಜನ ಮಾತ್ರ ಬಂದರೆ ಮೀಸಲು ನಿಧಿಯಿಂದ ಇಷ್ಟು ತೆಗೆಯಲು ಒಪ್ಪಿಗೆ ಇದೆಯಾ? ಇಲ್ಲ ಅಂದರೆ, ಮುಂಗಡ ವಾಪಸ್ ಬರುವ ಕೊನೆಯ ದಿನಕ್ಕೆ ಒಂದು ವಾರ ಮೊದಲು ಒಂದು ತಾರೀಖು ಗೊತ್ತು ಮಾಡಿ. ಅವತ್ತಿಗೆ ಇಷ್ಟು ನೋಂದಣಿ ಆಗದಿದ್ದರೆ ರದ್ದು ಅಂತ ನಡಾವಳಿಯಲ್ಲೇ ಬರೆದಿಡಿ. ಆ ಗಳಿಗೆಯಲ್ಲಿ ಕೂತು ನಿರ್ಧಾರ ಮಾಡಲು ಹೋದರೆ 'ಇನ್ನೊಂದು ವಾರ ನೋಡೋಣ' ಅನ್ನುವ ಮಾತೇ ಗೆಲ್ಲುತ್ತದೆ.

ಗಂಟೆಗಳ ಲೆಕ್ಕದಲ್ಲೂ ಶಿಬಿರ ಭಾರ. ಸಂಬಳದ ಸಿಬ್ಬಂದಿಯೋ, ದುಡ್ಡು ಕೊಟ್ಟು ಕರೆದ ವ್ಯವಸ್ಥಾಪಕರೋ ಇಲ್ಲದೆ ಬರೀ ಸ್ವಯಂಸೇವಕರು ಶಿಬಿರ ಮಾಡಬೇಡಿ ಅಂತಲೇ ನನ್ನ ಸಲಹೆ. ಯಾರ ರೈಲು ತಡವಾಯಿತು, ಯಾರಿಗೆ ಕೋಣೆ ಸಿಗಲಿಲ್ಲ ಅಂತ ಓಡಾಡುವುದರಲ್ಲೇ ದಿನ ಕಳೆದು, ಏನು ಕಲಿಸಬೇಕು ಅನ್ನುವುದು ಹಿಂದೆ ಬೀಳುತ್ತದೆ.

ವಾರಕ್ಕೊಮ್ಮೆ ಸೇರುವ ಆನ್‌ಲೈನ್ ಬ್ಯಾಚ್

ಇಪ್ಪತ್ತರ ಒಳಗಿನ ಒಂದು ಗುಂಪು. ವಾರಕ್ಕೋ ಹದಿನೈದು ದಿನಕ್ಕೋ ಒಮ್ಮೆ 90 ನಿಮಿಷ. ಒಟ್ಟು ಆರರಿಂದ ಎಂಟು ಸಲ. ನಡುವೆ ಪ್ರತಿಯೊಬ್ಬರೂ ತಮ್ಮ ಕಚೇರಿಯಲ್ಲಿ ಒಂದು ಸಣ್ಣ ಕೆಲಸ ಮಾಡಿಕೊಂಡು ಬರಬೇಕು.

ಹೆಚ್ಚಿನ ಮಂಡಳಿಗಳಿಗೆ ನಾನು ಹೇಳುವುದು ಇದನ್ನೇ. ಜಾಗಕ್ಕೆ ಮುಂಗಡ ಇಲ್ಲ, ಆದ್ದರಿಂದ 9 ಜನ ಬಂದರೂ ಕೈ ಸುಡುವುದಿಲ್ಲ. ಬಿಟ್ಟು ಬಿಟ್ಟು ಕಲಿಯುವುದು ತಾನಾಗೇ ಆಗುತ್ತದೆ. ಸ್ವಯಂಸೇವಕರ ಕೆಲಸವೂ ಒಂದೇ ವಾರದಲ್ಲಿ ತಲೆ ಮೇಲೆ ಬೀಳುವ ಬದಲು ಹರಡಿಕೊಳ್ಳುತ್ತದೆ, ಒಬ್ಬೊಬ್ಬ ಮಂಡಳಿ ಸದಸ್ಯರು ಒಂದೊಂದು ಸಲದ ಜವಾಬ್ದಾರಿ ಹೊತ್ತರೆ ಮುಗಿಯಿತು. ಅಷ್ಟೇ ಮುಖ್ಯವಾದದ್ದು, ಕಲಿತದ್ದನ್ನು ಅದೇ ವಾರ ತಮ್ಮ ಸಂಘದಲ್ಲಿ ಮಾಡಿ ನೋಡಬಹುದು.

ಇದು ಹೇಗೆ ನಡೆಯಬೇಕು ಅನ್ನುವುದಕ್ಕೆ ಒಂದು ಸಲದ್ದನ್ನು ಹತ್ತಿರದಿಂದ ತೋರಿಸುತ್ತೇನೆ. ವಿಷಯ: ಮಂಡಳಿಯ ಮತ್ತು ಕಾರ್ಯನಿರ್ವಾಹಕರ ಅಧಿಕಾರದ ನಡುವಿನ ಗೆರೆ. ಮೊದಲ ಹತ್ತು ನಿಮಿಷ ಹಿಂದಿನ ವಾರದ ಕೆಲಸ ಏನಾಯಿತು ಅಂತ ಕೇಳುವುದು. ಆಮೇಲೆ ಪರದೆ ಮೇಲೆ ಒಂದು ಸನ್ನಿವೇಶ:

'ಬೆಳಗ್ಗೆ ಖಜಾಂಚಿ ಫೋನ್ ಮಾಡಿ, ನನ್ನ ಒಪ್ಪಿಗೆ ಇಲ್ಲದೆ ಯಾವ ಪ್ರಾಯೋಜಕರಿಗೂ ಪತ್ರ ಹೋಗಬಾರದು ಅಂದರು. ಸಂಜೆ ಐದಕ್ಕೆ ಅಧ್ಯಕ್ಷರು ಫೋನ್ ಮಾಡಿ, ಆ ಪತ್ರ ಇವತ್ತೇ ಕಳಿಸಿಬಿಡಿ, ನಾನು ಮಾತಾಡಿದ್ದೇನೆ ಅಂದರು. ಖಜಾಂಚಿ ಫೋನ್ ಎತ್ತುತ್ತಿಲ್ಲ. ಹಿಂದಿನ ಸಭೆಯ ನಡಾವಳಿಯಲ್ಲಿ ಇದರ ಬಗ್ಗೆ ಒಂದು ಸಾಲೂ ಇಲ್ಲ. ನೀವು ಈಗ ಅಧ್ಯಕ್ಷರಿಗೆ ಬರೆಯಬೇಕಾದ ಮೇಲ್ ಬರೆಯಿರಿ. ಹತ್ತು ನಿಮಿಷ ಇದೆ.'

ಎಲ್ಲರೂ ಬರೆಯುತ್ತಾರೆ. ನಾಲ್ಕು ಜನ ಓದುತ್ತಾರೆ. ಒಬ್ಬರದು ತೀರಾ ಮೆತ್ತಗೆ, ಹೇಳಿದ್ದಕ್ಕೆಲ್ಲ ಹೂಂ ಅಂದಿದ್ದಾರೆ. ಒಬ್ಬರು ಬೈಲಾದ ಕಲಂ ಹಾಕಿ ಅಧ್ಯಕ್ಷರಿಗೇ ಪಾಠ ಮಾಡಿದ್ದಾರೆ. ಮೂರನೆಯವರು ಬರೆದಿದ್ದಾರೆ: 'ಪತ್ರ ಸಿದ್ಧವಾಗಿದೆ, ಖಜಾಂಚಿಯವರು ಬೆಳಗ್ಗೆ ಹೀಗೆ ಹೇಳಿದ್ದರು, ನೀವಿಬ್ಬರೂ ಒಂದು ಮಾತಾಡಿ ಒಂದು ಸಾಲಿನ ಉತ್ತರ ಹಾಕಿದ ಕೂಡಲೇ ಕಳಿಸುತ್ತೇನೆ. ಮುಂದಿನ ಸಭೆಯ ವಿಷಯಪಟ್ಟಿಗೆ ಪ್ರಾಯೋಜಕರ ಪತ್ರಕ್ಕೆ ಯಾರ ಒಪ್ಪಿಗೆ ಬೇಕು ಅನ್ನುವುದನ್ನು ಸೇರಿಸಲೇ?' ಅದು ಯಾಕೆ ಕೆಲಸ ಮಾಡುತ್ತದೆ ಅಂತ ಮುಂದಿನ ಅರ್ಧ ಗಂಟೆ ಚರ್ಚೆ. ಕಲಿಸುವವರು ಹೆಚ್ಚು ಮಾತಾಡಬೇಕಾಗಿಯೇ ಇಲ್ಲ. ಆ ವಾರದ ಕೆಲಸ: ನಿಮ್ಮ ಸಂಘದಲ್ಲಿ ಯಾವ ನಿರ್ಧಾರ ಯಾರದು ಅಂತ ಒಂದು ಪುಟ ಬರೆದು ನಿಮ್ಮ ಅಧ್ಯಕ್ಷರಿಗೆ ತೋರಿಸಿ ಬನ್ನಿ.

ಇಂಥ 90 ನಿಮಿಷ ಒಂದು ಇಡೀ ದಿನದ ಸ್ಲೈಡ್‌ಗಳಿಗಿಂತ ಹೆಚ್ಚು ಮಾಡುತ್ತದೆ. ಆದರೆ ಸನ್ನಿವೇಶ ಬರೆಯಲು ಗೊತ್ತಿರುವವರು ಬೇಕು. ನಿಮ್ಮ ಗಂಟೆಗಳನ್ನು, ದುಡ್ಡಿದ್ದರೆ ದುಡ್ಡನ್ನೂ, ಇದಕ್ಕೇ ಹಾಕಿ.

ತೊಂದರೆ ಏನಿಲ್ಲವೇ? ಇದೆ. ಕಚೇರಿಯಲ್ಲೇ ಕೂತು ಸೇರಿಕೊಂಡವರನ್ನು ಯಾರೋ ಬಂದು ಕರೆಯುತ್ತಾರೆ, ಕ್ಯಾಮೆರಾ ಆಫ್ ಆಗುತ್ತದೆ. ನಾಲ್ಕನೇ ವಾರಕ್ಕೆ ಹಾಜರಿ ಕಡಿಮೆಯಾಗುತ್ತದೆ. ಇದಕ್ಕೆ ಒಂದೇ ಮದ್ದು, ಅವರ ಸಂಘದ ಅಧ್ಯಕ್ಷರಿಂದ ಮೊದಲೇ ಒಂದು ಪತ್ರ ತರಿಸಿಕೊಳ್ಳುವುದು: ಈ ಎಂಟು ದಿನ ಈ ಹೊತ್ತಿನಲ್ಲಿ ನಮ್ಮ ಕಾರ್ಯನಿರ್ವಾಹಕರು ಕೆಲಸಕ್ಕೆ ಸಿಗುವುದಿಲ್ಲ, ನಮಗೆ ಒಪ್ಪಿಗೆ ಇದೆ ಅಂತ.

ರೆಕಾರ್ಡ್ ಮಾಡಿಟ್ಟ ಪಾಠಗಳು

ಒಂದು ಸಲ ಮಾಡಿಟ್ಟರೆ ಯಾರು ಯಾವಾಗ ಬೇಕಾದರೂ ನೋಡಬಹುದು, ಮಂಡಳಿ ಬದಲಾದರೂ ಉಳಿಯುತ್ತದೆ. ಕೇಳಲು ಚೆನ್ನಾಗಿದೆ. ಆದರೆ ನೋಡುವವರು ಎಷ್ಟು? ಎಂಐಟಿ ಮತ್ತು ಹಾರ್ವರ್ಡ್ ವಿಶ್ವವಿದ್ಯಾಲಯಗಳು ಎಡ್‌ಎಕ್ಸ್ ಅನ್ನುವ ಕಲಿಕೆಯ ಜಾಲತಾಣದಲ್ಲಿ ನಡೆಸಿದ ಆನ್‌ಲೈನ್ ಕೋರ್ಸ್‌ಗಳ ಲೆಕ್ಕ 2019ರಲ್ಲಿ 'ಸೈನ್ಸ್' ಪತ್ರಿಕೆಯಲ್ಲಿ ಬಂದಿತ್ತು. 2017–18ರಲ್ಲಿ ಸೇರಿದವರಲ್ಲಿ ಮುಗಿಸಿದವರು ಶೇ. 3ರ ಆಸುಪಾಸು. ದುಡ್ಡು ಕೊಟ್ಟು ಸರ್ಟಿಫಿಕೇಟಿನ ದಾರಿ ಹಿಡಿದವರಲ್ಲಿ ಶೇ. 46. ದುಡ್ಡು ಕೊಟ್ಟವರು ಮೊದಲೇ ಹೆಚ್ಚು ಆಸಕ್ತಿ ಇದ್ದವರು ಅನ್ನುವುದೂ ನಿಜ, ಆದರೂ ಪುಕ್ಕಟೆ ಕೊಟ್ಟರೆ ಎಲ್ಲರೂ ಕಲಿಯುತ್ತಾರೆ ಅನ್ನುವ ನಂಬಿಕೆ ನಿಲ್ಲುವುದಿಲ್ಲ ಅಂತ ಇದರಿಂದ ಗೊತ್ತಾಗುತ್ತದೆ.

ಹೊಸದಾಗಿ ಕೆಲಸಕ್ಕೆ ಸೇರಿದವರಿಗೆ ಮೊದಲ ವಾರ ತೋರಿಸಲು, ಬ್ಯಾಚಿನ ಮೊದಲ ಪಾಠಕ್ಕೆ ಮುಂಚೆ ಎಲ್ಲರನ್ನೂ ಒಂದು ಮಟ್ಟಕ್ಕೆ ತರಲು ರೆಕಾರ್ಡ್ ಪಾಠ ಸರಿ. ಅದನ್ನೇ ಕಾರ್ಯಕ್ರಮ ಅಂತ ಕರೆಯಬೇಡಿ.

ಇರುವ ಸರ್ಟಿಫಿಕೇಟಿಗೆ ಜೋಡಿಸಿಕೊಳ್ಳುವುದು

ಸಂಘ ನಡೆಸುವುದೇ ಒಂದು ವೃತ್ತಿ ಅಂತ ಒಪ್ಪಿ ಪರೀಕ್ಷೆ ಇಡುವ ಸಂಸ್ಥೆಗಳು ಈಗಾಗಲೇ ಇವೆ. ಅಮೆರಿಕನ್ ಸೊಸೈಟಿ ಆಫ್ ಅಸೋಸಿಯೇಷನ್ ಎಕ್ಸಿಕ್ಯೂಟಿವ್ಸ್, ಅಂದರೆ ಎಎಸ್‌ಎಇ, 1920ರಲ್ಲಿ ಶುರುವಾದದ್ದು. ಅದರ ಸಿಎಇ (ಸರ್ಟಿಫೈಡ್ ಅಸೋಸಿಯೇಷನ್ ಎಕ್ಸಿಕ್ಯೂಟಿವ್) ಸರ್ಟಿಫಿಕೇಟ್ 1960ರಿಂದ ಇದೆ. ಅದಕ್ಕೆ ಅರ್ಜಿ ಹಾಕಲು ಅನುಭವದ ಜೊತೆಗೆ ಹಿಂದಿನ 5 ವರ್ಷಗಳಲ್ಲಿ 100 ಗಂಟೆ ತರಬೇತಿ ಆಗಿರಬೇಕು, ಸಿಕ್ಕ ಮೇಲೂ 3 ವರ್ಷಕ್ಕೊಮ್ಮೆ 40 ಗಂಟೆ ಕಲಿಕೆ ತೋರಿಸಿ ನವೀಕರಿಸಬೇಕು. ಕೆನಡಾದಲ್ಲಿ 1951ರಿಂದ ಇರುವ ಇಂಥದ್ದೇ ಸಂಸ್ಥೆ ಸಿಎಸ್‌ಎಇ (ಕೆನೇಡಿಯನ್ ಸೊಸೈಟಿ ಆಫ್ ಅಸೋಸಿಯೇಷನ್ ಎಕ್ಸಿಕ್ಯೂಟಿವ್ಸ್) ತನ್ನದೇ ಸಿಎಇ ಕೊಡುತ್ತದೆ, ಅಲ್ಲಿನ ದಾರಿ ಒಂದರ ಮೇಲೊಂದು ಕೋರ್ಸ್ ಮುಗಿಸುವುದು. ನಿಯಮಗಳು ಆಗಾಗ ಬದಲಾಗುವುದರಿಂದ ಪ್ರಕಟಣೆ ಹಾಕುವ ಮೊದಲು ಆಯಾ ಸಂಸ್ಥೆಯ ಇತ್ತೀಚಿನ ಕೈಪಿಡಿ ನೋಡಿಕೊಳ್ಳಿ.

ಸ್ವಯಂಸೇವಕ ಮಂಡಳಿಗೆ ಇದರಲ್ಲಿ ಒಂದು ದೊಡ್ಡ ಅನುಕೂಲ ಇದೆ. ಪಠ್ಯ ನೀವು ಮಾಡಬೇಕಾಗಿಲ್ಲ. ಆಡಳಿತ, ಹಣಕಾಸು, ಸದಸ್ಯತ್ವ, ಕಾರ್ಯತಂತ್ರ, ಕಾರ್ಯಕ್ರಮ, ಇವೆಲ್ಲ ಯಾವ ಪ್ರಮಾಣದಲ್ಲಿ ಬೇಕು ಅಂತ ಬೇರೆಯವರು ಕೂತು ಯೋಚಿಸಿ ಪಟ್ಟಿ ಮಾಡಿದ್ದಾರೆ. ನೀವು ಮಾಡಬೇಕಾದದ್ದು ಒಂದು ಓದುವ ಗುಂಪು ಕಟ್ಟುವುದು, ಹಿಂದೆ ಪಾಸಾದವರೊಬ್ಬರನ್ನು ಮುಂದೆ ಕೂರಿಸುವುದು, ಸಾಧ್ಯವಾದರೆ ಪರೀಕ್ಷೆ ಫೀಸಿನ ಒಂದು ಪಾಲು ಕೊಡುವುದು. ಕಲಿತವರಿಗೂ ಲಾಭ. ನಾಳೆ ಬೇರೆ ಸಂಘಕ್ಕೆ ಹೋದರೂ ಈ ಸರ್ಟಿಫಿಕೇಟ್ ಅವರ ಜೊತೆ ಹೋಗುತ್ತದೆ.

ಕೆಲವು ಮಂಡಳಿಗಳು ಇದಕ್ಕೇ ಹೆದರುತ್ತವೆ, ಕಲಿಸಿ ಕಳಿಸಿಬಿಟ್ಟ ಹಾಗಾಗುತ್ತದೆ ಅಂತ. ಈ ಹೆದರಿಕೆ ನನಗೆ ಒಪ್ಪಿಗೆಯಿಲ್ಲ. ಕಲಿಯದ ಕಾರ್ಯನಿರ್ವಾಹಕರು ಹತ್ತು ವರ್ಷ ಅಲ್ಲೇ ಉಳಿದರೆ ಸಂಘಕ್ಕೆ ಆಗುವ ನಷ್ಟ ಜಾಸ್ತಿ.

ಆದರೆ ಅನನುಕೂಲಗಳು ಸಣ್ಣವಲ್ಲ. ಪರೀಕ್ಷೆಗೆ ಓದುವುದು ಬೇರೆ, ಕೆಲಸ ಬದಲಾಗುವುದು ಬೇರೆ. ಹೊಸಬರಿಗೆ ಅರ್ಹತೆಯೇ ಇರುವುದಿಲ್ಲ. ಬೇರೆ ದೇಶದ ಕಾನೂನು, ತೆರಿಗೆ ಪದ್ಧತಿಯ ಮೇಲೆ ನಿಂತ ಪ್ರಶ್ನೆಗಳು ನಿಮ್ಮವರಿಗೆ ಉಪಯೋಗಕ್ಕೆ ಬಾರದಿರಬಹುದು. ಐದಾರು ವರ್ಷ ಅನುಭವ ಆಗಿ, ಮುಂದೇನು ಅಂತ ನೋಡುತ್ತಿರುವವರಿಗೆ ಇದು ಹೇಳಿ ಮಾಡಿಸಿದ ಹಾಗಿದೆ. ನಿಮ್ಮ ಗುಂಪಿನಲ್ಲಿ ಅಂಥವರು ಎಂಟು ಜನ ಇದ್ದಾರಾ ಅಂತ ಮೊದಲು ಎಣಿಸಿ.

ಇನ್ನೊಂದು ಮಾತು. ನಿಮ್ಮದೇ ಹೊಸ ಸರ್ಟಿಫಿಕೇಟ್ ಶುರು ಮಾಡುವ ಆಸೆ ಯಾವ ಮಂಡಳಿಗಾದರೂ ಒಮ್ಮೆ ಬರುತ್ತದೆ. ಬೇಡ. ಹಾಜರಿ ಪತ್ರ ಕೊಡಿ, ಅದರಲ್ಲಿ ಗಂಟೆ ಎಷ್ಟು ಅಂತ ಸರಿಯಾಗಿ ಬರೆಯಿರಿ. ಪರೀಕ್ಷೆ ಇಟ್ಟು ಪದವಿಯ ಹಾಗೆ ಕೊಡಬೇಕಾದರೆ ಪ್ರಶ್ನೆ ತಯಾರಿ, ಗುಟ್ಟು ಕಾಪಾಡುವುದು, ಮೇಲ್ಮನವಿ, ನವೀಕರಣ ಅಂತ ಮುಗಿಯದ ಕೆಲಸ. ಅದು ಸ್ವಯಂಸೇವಕರ ಕೈಲಿ ಆಗುವುದಲ್ಲ.

ಸಮಾನರ ಗುಂಪು

ಆರೆಂಟು ಕಾರ್ಯನಿರ್ವಾಹಕರು ತಿಂಗಳಿಗೊಮ್ಮೆ ಸೇರುತ್ತಾರೆ. ಒಬ್ಬರು ತಮ್ಮ ಈಗಿನ ಒಂದು ಸಮಸ್ಯೆ ಇಡುತ್ತಾರೆ, ಉಳಿದವರು ಮೊದಲು ಪ್ರಶ್ನೆ ಮಾತ್ರ ಕೇಳುತ್ತಾರೆ, ಸಲಹೆ ಆಮೇಲೆ. ಖರ್ಚು ಹೆಚ್ಚುಕಡಿಮೆ ಇಲ್ಲವೇ ಇಲ್ಲ. ಅನುಭವಿಗಳಿಗೆ ಇದಕ್ಕಿಂತ ಒಳ್ಳೆಯದು ಸಿಗುವುದು ಕಷ್ಟ, ಯಾಕೆಂದರೆ ಅವರಿಗೆ ಬೇಕಾದದ್ದು ಹೊಸ ಮಾಹಿತಿಗಿಂತ ಜಾಸ್ತಿ, ತಮ್ಮ ಸ್ಥಿತಿ ಅರ್ಥವಾಗುವ ಜನ.

ಒಂದು ನಿಯಮ ಮಾತ್ರ ಮುರಿಯಬಾರದು. ಮಂಡಳಿ ಸದಸ್ಯರು ಆ ಕೋಣೆಯಲ್ಲಿ ಇರಬಾರದು. ಅಲ್ಲಿ ಬರುವ ಮಾತುಗಳಲ್ಲಿ ಅರ್ಧಕ್ಕಿಂತ ಜಾಸ್ತಿ ಮಂಡಳಿಗಳ ಬಗ್ಗೆಯೇ ಇರುತ್ತವೆ. ನಿಮ್ಮ ಉದ್ದೇಶ ಎಷ್ಟೇ ಒಳ್ಳೆಯದಿರಲಿ, ನೀವು ಕೂತರೆ ಅವರು ಬಾಯಿ ಬಿಡುವುದಿಲ್ಲ. ಗುಂಪು ಕಟ್ಟಿ, ನಡೆಸುವವರೊಬ್ಬರನ್ನು ಗೊತ್ತು ಮಾಡಿ, ಹೊರಗೆ ಬನ್ನಿ. ಯಾರ ಬಗ್ಗೆ ಏನು ಮಾತಾಡಿದರು ಅಂತ ಕೇಳಲೂ ಬೇಡಿ.

ಇದರ ಕೊರತೆ ಅಂದರೆ ಹೊಸಬರಿಗೆ ಇದು ಸಾಲದು. ಎಲ್ಲರಿಗೂ ಗೊತ್ತಿಲ್ಲದ ವಿಷಯವನ್ನು ಎಲ್ಲರೂ ಸೇರಿ ಚರ್ಚಿಸಿದರೆ ಗೊತ್ತಾಗುವುದಿಲ್ಲ.

ಕಲಿಸುವವರು ಯಾರು?

ಯಾವ ದಾರಿಯಾದರೂ ಈ ಪ್ರಶ್ನೆ ಬರುತ್ತದೆ. ನಿಮ್ಮವರೇ ಆದ ಹಿರಿಯ ಕಾರ್ಯನಿರ್ವಾಹಕರಿಗೆ ಕೆಲಸದ ಒಳಹೊರಗು ಗೊತ್ತು, ಫೀಸು ಕೇಳುವುದಿಲ್ಲ, ಆದರೆ ಕಲಿಸುವ ಕಲೆ ಎಲ್ಲರಿಗೂ ಇರುವುದಿಲ್ಲ. ಹೊರಗಿನ ತರಬೇತುದಾರರು ಕೋಣೆಯನ್ನು ಚೆನ್ನಾಗಿ ಹಿಡಿದಿಡುತ್ತಾರೆ, ಆದರೆ ಮಂಡಳಿ ಅಂದರೆ ಕಂಪನಿಯ ಮಂಡಳಿ ಅಂತಲೇ ಅವರ ತಲೆಯಲ್ಲಿರುತ್ತದೆ. ಇಬ್ಬರನ್ನೂ ಜೋಡಿ ಮಾಡುವುದು ನನಗೆ ಕಂಡ ಒಳ್ಳೆ ಉಪಾಯ: ಸನ್ನಿವೇಶ ಹಿರಿಯರಿಂದ, ನಡೆಸುವುದು ತರಬೇತುದಾರರಿಂದ. ವಿಶ್ವವಿದ್ಯಾಲಯದ ಜೊತೆ ಸೇರಿ ಮಾಡಿದರೆ ಹೆಸರಿಗೆ ತೂಕ ಬರುತ್ತದೆ, ಕೆಲಸ ಮಾತ್ರ ನಿಧಾನ. ಒಪ್ಪಂದಕ್ಕೇ ನಿಮ್ಮ ಅವಧಿ ಮುಗಿಯಬಹುದು.

ಮಂಡಳಿಯ ಸದಸ್ಯರೇ ದುಡ್ಡು ತೆಗೆದುಕೊಂಡು ಕಲಿಸುವುದಾದರೆ, ಆ ನಿರ್ಧಾರ ಆಗುವಾಗ ಅವರು ಸಭೆಯಿಂದ ಹೊರಗಿರಬೇಕು, ಅದು ನಡಾವಳಿಯಲ್ಲಿ ಬರಬೇಕು. ಪ್ರಾಯೋಜಕರ ವಿಷಯದಲ್ಲೂ ಹಾಗೇ. ಹಣ ಕೊಟ್ಟವರಿಗೆ ಪ್ರಕಟಣೆಯಲ್ಲಿ ಹೆಸರು ಕೊಡಿ, ಐದು ನಿಮಿಷ ಪರಿಚಯಕ್ಕೆ ಕೊಡಿ. ಪಾಠ ಕೊಡಬೇಡಿ. ಸಾಫ್ಟ್‌ವೇರ್ ಮಾರುವವರು ಸದಸ್ಯತ್ವ ನಿರ್ವಹಣೆಯ ಪಾಠ ಮಾಡಿದರೆ ಅದು ಕೊನೆಗೆ ಯಾವ ಕಡೆ ತಿರುಗುತ್ತದೆ ಅಂತ ಎಲ್ಲರಿಗೂ ಗೊತ್ತು.

ಹಾಗಾದರೆ ಯಾರಿಗೆ ಯಾವುದು?

ದುಡ್ಡೂ ಇಲ್ಲ, ಗಂಟೆಯೂ ಇಲ್ಲ ಅನ್ನುವ ಮಂಡಳಿ ಸಮಾನರ ಗುಂಪಿನಿಂದ ಶುರು ಮಾಡಲಿ. ಒಂದು ವರ್ಷ ನಡೆದರೆ ಅಲ್ಲಿ ಪದೇ ಪದೇ ಬರುವ ಸಮಸ್ಯೆಗಳೇ ಮುಂದಿನ ತರಬೇತಿಯ ವಿಷಯಪಟ್ಟಿ ಆಗುತ್ತವೆ.

ದುಡ್ಡು ಕಡಿಮೆ, ಆದರೆ ಮೂರು ನಾಲ್ಕು ಜನ ನಿಜವಾಗಿಯೂ ಕೆಲಸ ಮಾಡುತ್ತಾರೆ ಅಂದರೆ ಆನ್‌ಲೈನ್ ಬ್ಯಾಚ್. ಹೊಸಬರು ಜಾಸ್ತಿ ಇದ್ದರಂತೂ ಇದೇ ಸರಿ. ಫೀಸು ಇಡಿ, ಸಣ್ಣದಾದರೂ ಇಡಿ. ಸಣ್ಣ ಸಂಘಗಳಿಗೆ ಭಾರವಾಗುತ್ತದೆ ಅನ್ನಿಸಿದರೆ ಎರಡು ಮೂರು ಜಾಗ ಉಚಿತವಾಗಿ ಇಡಿ, ಆದರೆ ಅರ್ಜಿ ಬರೆಸಿಕೊಂಡು ಕೊಡಿ.

ದುಡ್ಡಿದೆ, ಗಂಟೆ ಇಲ್ಲ ಅನ್ನುವವರಿಗೆ ಎರಡು ಆಯ್ಕೆ: ಸರ್ಟಿಫಿಕೇಟಿಗೆ ಓದುವವರಿಗೆ ಫೀಸಿನ ನೆರವು, ಇಲ್ಲವೇ ಬೇರೆ ಸಂಸ್ಥೆ ನಡೆಸುವ ಕಾರ್ಯಕ್ರಮದಲ್ಲಿ ಜಾಗ ಕಾಯ್ದಿರಿಸುವುದು. ನಾವೇ ಮಾಡಿದೆವು ಅನ್ನುವ ಹೆಮ್ಮೆ ಇದರಲ್ಲಿ ಸಿಗುವುದಿಲ್ಲ. ಕಲಿಯುವವರಿಗೆ ಅದರಿಂದ ಯಾವ ನಷ್ಟವೂ ಇಲ್ಲ.

ಎರಡೂ ಇದೆ, ಸಿಬ್ಬಂದಿಯೂ ಇದ್ದಾರೆ, ಮೂರು ವರ್ಷಕ್ಕಾದರೂ ಮಂಡಳಿ ಬದ್ಧವಾಗಿದೆ ಅಂದರೆ ಶಿಬಿರಕ್ಕೆ ಕೈ ಹಾಕಿ. ಮೊದಲ ವರ್ಷವೇ ಅಲ್ಲ. ಒಂದು ಬ್ಯಾಚ್ ಆನ್‌ಲೈನ್‌ನಲ್ಲಿ ಮುಗಿಸಿ, ಅದೇ ಜನರನ್ನು ಎರಡು ದಿನ ಒಂದು ಕಡೆ ಸೇರಿಸಿ. ಆಗ ನೋಂದಣಿಯ ಚಿಂತೆ ಅರ್ಧ ಕಡಿಮೆ.

ಕಾನೂನು ಬದಲಾವಣೆಯಂಥ ಒಂದೇ ತುರ್ತು ವಿಷಯ ಇದ್ದರೆ ಒಂದು ದಿನದ ಕಾರ್ಯಾಗಾರ ಮಾಡಿ ಮುಗಿಸಿ. ಅದಕ್ಕೆ ದೊಡ್ಡ ಯೋಜನೆ ಬೇಕಾಗಿಲ್ಲ.

ಫಲ ಸಿಕ್ಕಿತಾ ಅಂತ ತಿಳಿಯುವುದು

ತರಬೇತಿಯ ಫಲವನ್ನು ನಾಲ್ಕು ಹಂತದಲ್ಲಿ ನೋಡಬೇಕು ಅಂತ ಅಮೆರಿಕದ ಪ್ರಾಧ್ಯಾಪಕ ಡೊನಾಲ್ಡ್ ಕರ್ಕ್‌ಪ್ಯಾಟ್ರಿಕ್ 1959ರಲ್ಲಿ ಬರೆಯಲು ಶುರು ಮಾಡಿದರು: ಇಷ್ಟವಾಯಿತಾ, ಕಲಿತರಾ, ಕೆಲಸದಲ್ಲಿ ಬದಲಾವಣೆ ಬಂತಾ, ಅದರಿಂದ ಸಂಸ್ಥೆಗೆ ಏನಾಯಿತು. ಮಂಡಳಿಗಳು ಸಾಮಾನ್ಯವಾಗಿ ಮೊದಲನೆಯದಕ್ಕೇ ನಿಲ್ಲುತ್ತವೆ. ಕೊನೆಯಲ್ಲಿ ಹಂಚುವ ಹಾಳೆಯಲ್ಲಿ ಭಾಷಣಕಾರರು ಹೇಗಿದ್ದರು, ವ್ಯವಸ್ಥೆ ಹೇಗಿತ್ತು, ಮುಗಿಯಿತು. ಅದರ ಬದಲು ಒಂದೇ ಪ್ರಶ್ನೆ ಹಾಕಿ: 'ಮುಂದಿನ 30 ದಿನದಲ್ಲಿ ನೀವು ಬೇರೆ ರೀತಿ ಮಾಡುವ ಒಂದು ಕೆಲಸ ಯಾವುದು?' ಉತ್ತರಗಳನ್ನು ಇಟ್ಟುಕೊಂಡು 90ನೇ ದಿನ ಫೋನ್ ಮಾಡಿ. 20 ಜನಕ್ಕೆ ತಲಾ 10 ನಿಮಿಷ ಅಂದರೆ ಮೂರೂವರೆ ಗಂಟೆಯೂ ಆಗುವುದಿಲ್ಲ. ಮಂಡಳಿಯ ಇಬ್ಬರು ಹಂಚಿಕೊಂಡರೆ ಒಂದು ಸಂಜೆಯ ಕೆಲಸ.

ಇದನ್ನೆಲ್ಲ ಒಂದೇ ಕಡತದಲ್ಲಿಡಿ. ಕಲಿಸಿದವರ ಹೆಸರು ಮತ್ತು ಫೀಸು, ಸನ್ನಿವೇಶಗಳು, ಮೇಲ್‌ಗಳ ಮಾದರಿ, ಯಾವ ತಿಂಗಳು ಏನು ಮಾಡಿದಿರಿ, ಲೆಕ್ಕ, 90ನೇ ದಿನದ ಉತ್ತರಗಳು. ಅದು ಯಾರ ಸ್ವಂತ ಮೇಲ್‌ನಲ್ಲೂ ಇರಬಾರದು, ಸಂಘದ ಖಾತೆಯಲ್ಲಿರಬೇಕು. ಈ ವರ್ಷದ ಉಪಸಮಿತಿಯಲ್ಲಿ ಮುಂದಿನ ವರ್ಷವೂ ಇರುವ ಒಬ್ಬರಾದರೂ ಇರಲಿ.

ಇಷ್ಟೆಲ್ಲ ತೂಗಿದ ಮೇಲೂ ಎರಡು ದಾರಿಗಳ ನಡುವೆ ಮನಸ್ಸು ನಿಲ್ಲದಿದ್ದರೆ, ಸಭೆಯಲ್ಲಿ ಇನ್ನೊಂದು ಗಂಟೆ ಚರ್ಚೆ ಮಾಡಬೇಡಿ. ತರಬೇತಿಗೆ ಬರಬೇಕು ಅಂತ ನೀವು ಅಂದುಕೊಂಡಿರುವವರಲ್ಲಿ ಐದು ಜನರಿಗೆ ಫೋನ್ ಮಾಡಿ. ನಿಮಗೆ ಯಾವ ತರಬೇತಿ ಬೇಕು ಅಂತ ಕೇಳಬೇಡಿ, ಒಳ್ಳೆ ಮಾತಿಗೆ ಏನಾದರೂ ಹೇಳುತ್ತಾರೆ. ಹೋದ ತಿಂಗಳು ನಿಮ್ಮ ಕೆಲಸದಲ್ಲಿ ತುಂಬಾ ಕಷ್ಟ ಆದದ್ದು ಯಾವುದು, ಆವಾಗ ಯಾರನ್ನು ಕೇಳಿದಿರಿ ಅಂತ ಕೇಳಿ. 'ಯಾರನ್ನೂ ಕೇಳಲಿಲ್ಲ' ಅನ್ನುವ ಉತ್ತರ ಜಾಸ್ತಿ ಬಂದರೆ ಮೊದಲು ಗುಂಪು ಕಟ್ಟಿ. 'ಕೇಳಿದೆ, ಅವರಿಗೂ ಗೊತ್ತಿರಲಿಲ್ಲ' ಅಂತ ಬಂದರೆ ಬ್ಯಾಚ್ ಶುರು ಮಾಡಿ.